ಇಪ್ಪತ್ತರ ಹರೆಯ, ಕುಸ್ವಾರಿನ ಬಾಣಲೆ

ಕ್ರಿಸ್ಮಸ್ ಕಳೆದು ಮೂರು ವಾರಗಳು ಸಂದಿವೆ. ಗೋದಲಿಯ ಹುಲ್ಲು ಗೊಬ್ಬರದ ಗುಂಡಿ ಸೇರಿದೆ, ನಕ್ಷತ್ರಗಳು ಅಟ್ಟಕ್ಕೇರಿವೆ, ಮನೆಮನೆಯ ಕುಸ್ವಾರಿನ ಡಬ್ಬಿಗಳ ತಳದಲ್ಲಿ ಮುರಿದ ತುಕ್ಡಿಗಳು ನಾಲ್ಕಾರು ಉಳಿದಿದ್ದರೆ ಅದೇ ಹೆಚ್ಚು. ಹಬ್ಬದ ತಿಂಡಿಯ ಮಾತನ್ನು ಹಬ್ಬಕ್ಕೆ ಮುನ್ನ ಆಡುವುದು ಲೋಕರೂಢಿ; ಆಮೇಲೆ ಆಡುವವನು ಊಟವಾದ ಬಳಿಕ ಎಲೆ ಹಾಕಲು ಬಂದವನಂತೆ ಕಾಣುತ್ತಾನೆ. ಆದರೂ ಈ ವಾರ ಅದನ್ನೇ ಬರೆಯಬೇಕಾಗಿದೆ. ತಡವಾದುದಕ್ಕೆ ಕಾರಣ ಓದುಗರಿಗೆ ಮುಂದೆ ತಿಳಿಯುತ್ತದೆ.

ಕುಸ್ವಾರ್ ಎಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಸಿದ್ಧಗೊಳ್ಳುವ ಬಗೆಬಗೆಯ ತಿಂಡಿಗಳ ಒಟ್ಟು ಹೆಸರು. ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ಅಕ್ಕಿಯ ಲಾಡು, ಗುಲಾಬಿ ಹೂವಿನಂಥ ಕೊಕ್ಕಿಸಾಂ. ಹಿಂದೆ ಡಿಸೆಂಬರ್ ಎರಡನೆಯ ವಾರದಿಂದಲೇ ಮನೆಗಳಲ್ಲಿ ತೆಂಗಿನೆಣ್ಣೆಯ ಪರಿಮಳ ಹರಡುತ್ತಿತ್ತು. ಇಂದು ಬಹುಪಾಲು ಮನೆಗಳಿಗೆ ಕುಸ್ವಾರ್ ಬೇಕರಿಯಿಂದಲೇ ಬರುತ್ತದೆ. ಇದನ್ನು ಕುರಿತು ನಿಟ್ಟುಸಿರಿಡುವ ಲೇಖನಗಳನ್ನು ಓದುಗರು ಸಾಕಷ್ಟು ಓದಿರಬಹುದು. ನಾವು ಆ ಸಾಲಿಗೆ ಸೇರುವವರಲ್ಲ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿದು ಸಂಜೆ ಏಳಕ್ಕೆ ಮನೆ ಸೇರುವ ತಾಯಿಗೆ ನೆವ್ರಿಯ ಅಂಚು ಮಡಚುವ ಪುರುಸೊತ್ತು ಎಲ್ಲಿಯದು?

2024ರ ಡಿಸೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಯುವಜನರು ಒಂದು ಸಂಕಲ್ಪ ಮಾಡಿದರು. ಹಾಸಿಗೆ ಹಿಡಿದವರು, ಮಕ್ಕಳೆಲ್ಲ ಹೊರನಾಡಿನಲ್ಲಿದ್ದು ಒಬ್ಬರೇ ಉಳಿದ ಹಿರಿಯರು, ಇಂಥವರ ಮನೆಗಳಿಗೆ ತಮ್ಮ ಕೈಯಾರೆ ಮಾಡಿದ ಕುಸ್ವಾರ್ ಮುಟ್ಟಿಸುವುದು. ಒಂದು ಶನಿವಾರ ಸಂಜೆ ಸಭಾಭವನದ ಹಿಂದಿನ ಅಡುಗೆ ಕೋಣೆಯಲ್ಲಿ ಇಪ್ಪತ್ತಕ್ಕೂ ಮಿಕ್ಕಿ ತರುಣ ತರುಣಿಯರು ನೆರೆದರು. ಕೆಲವರು ಮಂಗಳೂರಿನಲ್ಲಿ, ಹಲವರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವರು, ರಜೆಗೆಂದು ಬಂದವರು. ಒಂದೇ ದೇವಾಲಯದಲ್ಲಿ ಒಟ್ಟಿಗೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದವರಾದರೂ ಈಗ ಪರಸ್ಪರ ಅಪರಿಚಿತರಂತೆ ನಿಂತಿದ್ದರು. ಒಬ್ಬಾತ ಅಂಗೈಯಗಲದ ಧ್ವನಿಪೆಟ್ಟಿಗೆಯೊಂದನ್ನು ತಂದಿದ್ದ. ಯಾರ ಮೊಬೈಲಿನ ಹಾಡು ಅದರಲ್ಲಿ ನುಡಿಯಬೇಕೆಂಬ ಚರ್ಚೆ ಅರ್ಧ ಗಂಟೆ ನಡೆಯಿತು. ಚರ್ಚೆ ಇತ್ಯರ್ಥವಾಗದೆ ಕೆಲವರು ತಮ್ಮ ತಮ್ಮ ಕಿವಿಗೆ ತಮ್ಮ ತಮ್ಮ ಹಾಡನ್ನು ಸಿಕ್ಕಿಸಿಕೊಂಡು ಕುಳಿತರು.

ಬಳಿಕ ಕಿಡಿಯೊ ಆರಂಭವಾಯಿತು. ತೆಂಗಿನ ಹಾಲು, ಮೊಟ್ಟೆ ಸೇರಿಸಿ ನಾದಿದ ಮೈದಾ ಹಿಟ್ಟಿನ ಚಿಕ್ಕ ಚಿಕ್ಕ ಉಂಡೆಗಳನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿಸುವ ಕೆಲಸವಿದು. ಸುರುಳಿ ಹುಳುವಿನಂತೆ ಕಾಣುವುದರಿಂದಲೇ ಕೊಂಕಣಿಯಲ್ಲಿ ಈ ಹೆಸರು. ಒಂದು ಸೇರು ಹಿಟ್ಟಿಗೆ ನೂರಾರು ಕಿಡಿಯೊಗಳಾಗುತ್ತವೆ. ಒಬ್ಬರಿಂದ ಮುಗಿಯುವ ಕೆಲಸವಲ್ಲ. ಇಲ್ಲಿ ನಾವೊಂದು ವಿಷಯ ಗಮನಿಸಿದೆವು. ಹಿಟ್ಟು ಮೆತ್ತಿದ ಕೈಯಿಂದ ಮೊಬೈಲನ್ನು ಮುಟ್ಟಲಾಗದು. ಹಾಡು ಮುಗಿದರೆ ಇನ್ನೊಂದು ಹಚ್ಚಲಾಗದು, ಸಂದೇಶ ಬಂದರೆ ನೋಡಲಾಗದು. ಮೊದಲ ಹತ್ತು ನಿಮಿಷ ಅವರಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಆಮೇಲೆ ಯಾರೋ ಯಾರದೋ ಬಾಲ್ಯದ ಅಡ್ಡಹೆಸರನ್ನು ಎತ್ತಿದರು. ಒಂದು ಗಂಟೆಯ ನಂತರ ಆ ಕೋಣೆಯಲ್ಲಿ ಎಷ್ಟು ಗದ್ದಲವೆಂದರೆ, ಧ್ವನಿಪೆಟ್ಟಿಗೆ ಹಾಡುತ್ತಿದೆಯೋ ಇಲ್ಲವೋ ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ.

ತೊಡಕು ಬಂದುದು ಕೊಕ್ಕಿಸಾಂ ವಿಷಯದಲ್ಲಿ. ಇದಕ್ಕೆ ಉದ್ದ ಹಿಡಿಕೆಯ, ಹೂವಿನ ಆಕಾರದ ಲೋಹದ ಅಚ್ಚು ಬೇಕು. ಅಚ್ಚನ್ನು ಕುದಿಯುವ ಎಣ್ಣೆಯಲ್ಲಿ ಕಾಯಿಸಿ, ಅಕ್ಕಿಹಿಟ್ಟು, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಎಳ್ಳು ಬೆರೆಸಿದ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗೆ ಇಳಿಸಿ ಕೊಡವಬೇಕು. ಹೂವು ಕಳಚಿ ತೇಲುತ್ತದೆ. ಹುಡುಗರು ತಂದಿದ್ದ ಎರಡು ಅಚ್ಚುಗಳೂ ಹೊಚ್ಚಹೊಸವು. ಹೊಸ ಅಚ್ಚು ಎಣ್ಣೆಯಲ್ಲಿ ಪಳಗುವವರೆಗೆ ಹಿಟ್ಟನ್ನು ಬಿಟ್ಟುಕೊಡುವುದಿಲ್ಲ. ಹತ್ತು ಹೂವುಗಳು ಚೂರುಚೂರಾದ ಮೇಲೆ ನಾವು ಗುರುನಿವಾಸಕ್ಕೆ ಹೋಗಿ, ಪೆಟ್ಟಿಗೆಯ ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಚ್ಚೊಂದನ್ನು ತಂದುಕೊಟ್ಟೆವು. ಕಪ್ಪಾದ, ಹಿಡಿಕೆ ಕೊಂಚ ಅಲುಗುವ, ಎಂಟು ಎಸಳಿನ ಅಚ್ಚು. ಏಳು ಧರ್ಮಕೇಂದ್ರಗಳಿಗೆ ನಮಗೆ ವರ್ಗವಾದಾಗಲೂ ಅದು ನಮ್ಮ ಜೊತೆಗೇ ಬಂದಿದೆ.

"ಫಾದರ್, ಇದು ಯಾರದು?" ಎಂದು ಬಾಣಲೆಯ ಬಳಿ ನಿಂತಿದ್ದ ಯುವತಿ ಕೇಳಿದಳು.

ಒಬ್ಬ ಗೆಳೆಯನದು ಎಂದೆವು.

"ಯಾವ ಗೆಳೆಯರು? ಈಗ ಎಲ್ಲಿದ್ದಾರೆ?"

ಎಣ್ಣೆ ಹೆಚ್ಚು ಕಾಯುತ್ತಿದೆ ನೋಡು ಎಂದು ಹೇಳಿ ನಾವು ಹೊರಗೆ ಬಂದೆವು. ಉತ್ತರ ನಮ್ಮ ಬಳಿ ಇರಲಿಲ್ಲ.

ನಾವು ತತ್ವಶಾಸ್ತ್ರ ಓದುತ್ತಿದ್ದುದು 1991ರಿಂದ 1994ರವರೆಗೆ. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸು. ಗುರುಮಠದ ದಿನಚರಿ ಗಂಟೆಯ ಅಧೀನ. ಬೆಳಗಿನ ಐದಕ್ಕೆ ಏಳಬೇಕು, ಧ್ಯಾನ, ಬಲಿಪೂಜೆ, ತರ್ಕಶಾಸ್ತ್ರ, ಜ್ಞಾನಮೀಮಾಂಸೆ, ಶಂಕರ ರಾಮಾನುಜರ ವೇದಾಂತ. ಮಧ್ಯಾಹ್ನದ ಮೇಲೆ ತೋಟದ ಕೆಲಸ, ವಾಲಿಬಾಲ್. ರಾತ್ರಿಯ ಪ್ರಾರ್ಥನೆಯ ನಂತರ ಬೆಳಗಿನ ಪೂಜೆಯವರೆಗೆ ಮಹಾಮೌನ. ನೂರಿಪ್ಪತ್ತು ಮಂದಿಯ ನಡುವೆ ನಾವು ನಾಲ್ವರು ಹೇಗೆ ಗೆಳೆಯರಾದೆವೆಂದು ಹೇಳುವುದು ಕಷ್ಟ. ಒಬ್ಬ ಕುಂದಾಪುರದ ಕಡೆಯವ, ಒಬ್ಬ ಚಿಕ್ಕಮಗಳೂರಿನ ಕಾಫಿ ತೋಟದ ಸಾಲುಮನೆಯಿಂದ ಬಂದವ, ಒಬ್ಬ ಕಣ್ಣೂರಿನವ, ಮತ್ತು ಬಂಟ್ವಾಳದ ನಾವು. ಪ್ರಾಯಶಃ ಪಾತ್ರೆ ತೊಳೆಯುವ ಸರದಿಯಲ್ಲಿ ನಮ್ಮನ್ನು ಒಂದೇ ಗುಂಪಿಗೆ ಹಾಕಿದ್ದೇ ಕಾರಣವಿರಬೇಕು. ಮಹತ್ತಾದ ಸಂಗತಿಗಳ ಮೂಲವನ್ನು ಹುಡುಕಿದಾಗ ಹೀಗೆ ಸಣ್ಣದೇನೋ ಸಿಗುವುದುಂಟು.

ಮನರಂಜನೆಯ ಕೋಣೆಯಲ್ಲಿ ಒಂದೇ ಟೇಪ್ ರೆಕಾರ್ಡರ್. ಅದನ್ನು ಭಾನುವಾರ ಮಧ್ಯಾಹ್ನ ಮತ್ತು ಗುರುವಾರದ ಅರ್ಧ ರಜೆಯಲ್ಲಿ ಮಾತ್ರ ಮುಟ್ಟಬಹುದಿತ್ತು. ಕ್ಯಾಸೆಟ್ಟುಗಳು ಬೆರಳೆಣಿಕೆಯಷ್ಟು. ಚಿಕ್ಕಮಗಳೂರಿನ ಗೆಳೆಯ ರಜೆಯಿಂದ ಮರಳುವಾಗ ಶಿಶುನಾಳ ಶರೀಫರ ಗೀತೆಗಳನ್ನು ತಂದಿದ್ದ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ 1990ರಲ್ಲಿ ತೆರೆಕಂಡಿತ್ತು, ಸಿ. ಅಶ್ವತ್ಥರ ಕಂಠ ಆಗ ನಾಡಿನ ಮೂಲೆಮೂಲೆಯಲ್ಲಿ ಮೊಳಗುತ್ತಿತ್ತು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದ ಭಟ್ಟರು. ಸೋರುವ ಮನೆಯ ಮಾತಿನಲ್ಲೇ ಬಾಳಿನ ಅನಿತ್ಯವನ್ನು ಹೇಳಿಬಿಡುವ ಆ ಪದಗಳನ್ನು ಕೇಳಿದಾಗ, ಒಂದು ವಾರದ ವೇದಾಂತ ತರಗತಿ ಒಮ್ಮೆಲೇ ಅರ್ಥವಾದಂತೆನಿಸುತ್ತಿತ್ತು. ಮರುದಿನ ಪ್ರಾಧ್ಯಾಪಕರು ಪ್ರಶ್ನೆ ಕೇಳಿದಾಗ ಅರ್ಥವಾಗಿರಲಿಲ್ಲವೆಂದು ತಿಳಿಯುತ್ತಿತ್ತು.

ಕುಂದಾಪುರದ ಗೆಳೆಯನಿಗೆ ವಿಲ್ಫಿ ರೆಬಿಂಬಸ್ ಎಂದರೆ ಪ್ರಾಣ. ಕೊಂಕಣ ಕೋಗಿಲೆಯೆಂದು ಕರೆಸಿಕೊಂಡ ಆ ಗಾಯಕರು (1942-2010) ಮಂಗಳೂರಿನ ಕೊಂಕಣಿಗರ ಮದುವೆ, ರೋಸ್, ಹಬ್ಬ ಎಲ್ಲಕ್ಕೂ ಹಾಡು ಕೊಟ್ಟವರು. ಕಣ್ಣೂರಿನವನಿಗೆ ಯೇಸುದಾಸ್ ಹೊರತು ಮತ್ತೊಬ್ಬರಿಲ್ಲ. ನಾವೋ, ನಮ್ಮ ಮನೆಯಲ್ಲಿ ಮುಂಬಯಿಯ ಚಿಕ್ಕಪ್ಪ ಬಿಟ್ಟುಹೋದ ಜಿಮ್ ರೀವ್ಸರ ಕ್ರಿಸ್ಮಸ್ ಗೀತೆಗಳನ್ನು ಕೇಳುತ್ತಾ ಬೆಳೆದವರು. ಆ ಅಮೆರಿಕನ್ ಗಾಯಕರ ಮೆತ್ತನೆಯ ದನಿ ಕೇಳದೆ ಕರಾವಳಿಯ ಎಷ್ಟೋ ಮನೆಗಳಿಗೆ ಕ್ರಿಸ್ಮಸ್ ಬರುತ್ತಿರಲಿಲ್ಲ. ಅವರು 1964ರಲ್ಲೇ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರೆಂದು, ಅಂದರೆ ನಾವು ಹುಟ್ಟುವ ಮೊದಲೇ ಇಲ್ಲವಾಗಿದ್ದರೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಪ್ರತಿ ಡಿಸೆಂಬರಿನಲ್ಲಿ ಮನೆಗೆ ಬರುವ ನೆಂಟರೊಬ್ಬರು ಸತ್ತು ಎಷ್ಟೋ ಕಾಲವಾಯಿತೆಂದು ಕೇಳಿದಂತಾಗಿತ್ತು.

ಹೊಸ ಕ್ಯಾಸೆಟ್ ಕೊಳ್ಳಲು ಹಣವಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಕಿಂಡಿಗಳನ್ನು ಕಾಗದ ಅಂಟಿಸಿ ಮುಚ್ಚಿದರೆ, ಅದರಲ್ಲಿರುವುದನ್ನು ಅಳಿಸಿ ಬೇರೆಯದನ್ನು ತುಂಬಬಹುದೆಂಬ ವಿದ್ಯೆಯನ್ನು ಕಣ್ಣೂರಿನವ ಕಲಿಸಿಕೊಟ್ಟ. ಹೀಗೆ ಗ್ರಂಥಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಸಂಯಮದ ಕುರಿತು ಪೂಜ್ಯರೊಬ್ಬರು ನೀಡಿದ ಅರುವತ್ತು ನಿಮಿಷದ ಪ್ರವಚನದ ಮೇಲೆ ನಾವು ಚಿತ್ರಗೀತೆಗಳನ್ನು ತುಂಬಿದೆವು. ಈ ಪಾಪವನ್ನು ನಿವೇದಿಸಿದ ನೆನಪಿಲ್ಲ. ಈಗ ಪತ್ರಿಕೆಯಲ್ಲಿ ನಿವೇದಿಸುತ್ತಿದ್ದೇವೆ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಒಂದೆರಡು ಕ್ಷಣ ಆ ಪೂಜ್ಯರ ದನಿ ಇಣುಕುತ್ತಿತ್ತು. ಯಾವಾಗಲೂ ಒಂದೇ ಮಾತು, ಅರ್ಧ ವಾಕ್ಯ. ಆ ಅರ್ಧ ವಾಕ್ಯವೇ ನಮ್ಮ ನಾಲ್ವರ ಗುಟ್ಟಿನ ಪ್ರಣಾಮವಾಗಿತ್ತು.

ಕ್ರಿಸ್ಮಸ್ಸಿಗೆ ಊರಿಗೆ ಹೋಗುವಂತಿರಲಿಲ್ಲ. ಆದ್ದರಿಂದ ಹಬ್ಬಕ್ಕೆ ವಾರವಿರುವಾಗ ಒಂದು ಇಡೀ ರಾತ್ರಿ ಅಡುಗೆ ಮನೆಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವ ಪದ್ಧತಿಯಿತ್ತು. ಅಂದು ಮಹಾಮೌನಕ್ಕೂ ವಿನಾಯಿತಿ. 1992ರಲ್ಲಿ ಕುಂದಾಪುರದ ಗೆಳೆಯನ ತಾಯಿ ಮಗನ ಕೈಯಲ್ಲಿ ತಮ್ಮ ಮನೆಯ ಕೊಕ್ಕಿಸಾಂ ಅಚ್ಚನ್ನು ಕಳುಹಿಸಿದರು. ಅವರಿಗೆ ಅದು ತವರಿನಿಂದ ಬಂದದ್ದು. ಕಣ್ಣೂರಿನವ ಅದನ್ನು ಕಂಡು ಇದು ನಮ್ಮ ಅಚ್ಚಪ್ಪಂ ಎಂದು ಕುಣಿದ. ನಾವೆಲ್ಲ ಒಬ್ಬೊಬ್ಬರಾಗಿ ಪ್ರಯತ್ನಿಸಿ ಸೋತೆವು. ಅಚ್ಚನ್ನು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದಲೂ ಅಪ್ಪಿಕೊಂಡು ಕಳಚಲಾರದು. ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯದು, ಮಿತಿಮೀರಿ ಕಾದರೂ ಹಿಡಿಯದು. ಇದನ್ನು ತಾಯಿಯಿಂದ ಕಲಿತಿದ್ದ ಆತ ನಮ್ಮ ಬೆನ್ನ ಹಿಂದೆ ನಿಂತು "ಮುಕ್ಕಾಲು, ಮುಕ್ಕಾಲು ಮಾತ್ರ" ಎಂದು ಕೂಗುತ್ತಿದ್ದ. ರಾತ್ರಿ ಎರಡರ ಹೊತ್ತಿಗೆ ದೊಡ್ಡ ಬಿದಿರ ಬುಟ್ಟಿ ಹೂವುಗಳಿಂದ ತುಂಬಿತ್ತು. ಟೇಪ್ ರೆಕಾರ್ಡರಿಗೆ ಮೈದಾ ಮೆತ್ತಿತ್ತು. ಕಣ್ಣೂರಿನವ ನೆವ್ರಿಯ ಹೂರಣವನ್ನೇ ಅರ್ಧ ತಿಂದು ಮುಗಿಸಿದ್ದ.

ಆ ವರ್ಷವೇ ನಮಗೆ ಅರಿಸ್ಟಾಟಲನ ನೀತಿಶಾಸ್ತ್ರ ಪಠ್ಯವಾಗಿತ್ತು. ಆ ಗ್ರಂಥದ ಎಂಟನೆಯ ಮತ್ತು ಒಂಬತ್ತನೆಯ ಭಾಗಗಳು ಪೂರ್ತಿಯಾಗಿ ಗೆಳೆತನಕ್ಕೆ ಮೀಸಲು. ಉಪಯೋಗಕ್ಕಾಗಿ ಬೆಳೆವ ಗೆಳೆತನ, ಸುಖಕ್ಕಾಗಿ ಬೆಳೆವ ಗೆಳೆತನ, ಸದ್ಗುಣಕ್ಕಾಗಿ ಬೆಳೆವ ಗೆಳೆತನ ಎಂದು ಆತ ಮೂರು ಬಗೆ ಎಣಿಸುತ್ತಾನೆ. ತರುಣರ ಗೆಳೆತನ ಬಹುಮಟ್ಟಿಗೆ ಸುಖವನ್ನು ಆಶ್ರಯಿಸಿದ್ದು, ಬೇಗ ಕೂಡಿ ಬೇಗ ಕಳಚುತ್ತದೆ ಎಂದೂ ಹೇಳುತ್ತಾನೆ. ನಿಜವಾದ ಗೆಳೆತನಕ್ಕೆ ಕಾಲ ಬೇಕು. ಗಾದೆ ಹೇಳುವಂತೆ ಜೊತೆಗೆ ಉಪ್ಪನ್ನು ಉಂಡು ತೀರಿಸುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬುದು ಅವನ ಮಾತಿನ ಸಾರ. ಉಪ್ಪಿನ ಋಣ ಬಲ್ಲ ನಮ್ಮ ನಾಡಿನವರಿಗೆ ಇದನ್ನು ಗ್ರೀಕರು ಹೇಳಿಕೊಡಬೇಕಾಗಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾವು ದೀರ್ಘವಾಗಿ ಉತ್ತರಿಸಿದೆವು, ಉತ್ತಮ ಅಂಕವೂ ಬಂತು.

1993ರ ಡಿಸೆಂಬರಿನ ರಾತ್ರಿ ಅಡುಗೆ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಹಿಂದಿನ ವರ್ಷದ ಮೈದಾ ಅದರ ಹೊಟ್ಟೆ ಸೇರಿ ಕೆಟ್ಟುಹೋದ ಕಾರಣ ಅದಕ್ಕೆ ಅಡುಗೆ ಮನೆ ನಿಷಿದ್ಧವಾಗಿತ್ತು. ಕುಂದಾಪುರದ ಗೆಳೆಯ ಗಿಟಾರ್ ತಂದ. ಬಾಣಲೆಯ ಪಾಳಿ ಇಲ್ಲದಾಗ ನುಡಿಸುತ್ತಿದ್ದ, ನಾವು ಹಾಡುತ್ತಿದ್ದೆವು. ಕೊನೆಗೆ ‘ಸೈಲೆಂಟ್ ನೈಟ್’ಗೆ ಬಂದಾಗ ಆತ ಅದರ ಕಥೆ ಹೇಳಿದ. ಇಲಿಗಳು ಇಗರ್ಜಿಯ ಆರ್ಗನ್ನಿನ ತಿದಿಯನ್ನು ಕಡಿದುಹಾಕಿದವು, ಆದ್ದರಿಂದ ಗಿಟಾರಿಗೆ ಈ ಹಾಡು ಹುಟ್ಟಿತು ಎಂದು.

ಇಲಿಗಳು ದಂತಕಥೆಗೆ ಸೇರಿದವು. ಆದರೆ ಕಥೆಯ ಉಳಿದ ಭಾಗ ನಿಜ, ಮತ್ತು ದಂತಕಥೆಗಿಂತ ಚೆನ್ನಾಗಿದೆ. ಆಸ್ಟ್ರಿಯಾದ ಮಾರಿಯಾಫಾರ್ ಎಂಬ ಹಳ್ಳಿಯಲ್ಲಿ ಸಹಾಯಕ ಗುರುವಾಗಿದ್ದ ಯೋಸೆಫ್ ಮೋರ್ 1816ರಲ್ಲಿ ಆರು ನುಡಿಗಳ ಆ ಕವಿತೆಯನ್ನು ಬರೆದಾಗ ಅವರಿಗೆ ಇಪ್ಪತ್ತೈದು ಕೂಡ ತುಂಬಿರಲಿಲ್ಲ. ಮರುವರ್ಷ ಒಬರ್ನ್‌ಡಾರ್ಫ್‌ಗೆ ವರ್ಗವಾಗಿ ಬಂದಾಗ ಅಲ್ಲಿ ಫ್ರಾನ್ಸ್ ಗ್ರೂಬರ್ ಎಂಬ ಶಾಲಾ ಶಿಕ್ಷಕರ ಸ್ನೇಹವಾಯಿತು. 1818ರ ಡಿಸೆಂಬರ್ 24ರಂದು ಮೋರ್ ತಮ್ಮ ಕವಿತೆಯನ್ನು ಗ್ರೂಬರರ ಕೈಗಿತ್ತರು. ಗ್ರೂಬರ್ ರಾಗ ಹಾಕಿದರು, ಅದೇ ರಾತ್ರಿ ಇಬ್ಬರೂ ಸಂತ ನಿಕೊಲಾಸರ ದೇವಾಲಯದಲ್ಲಿ ಹಾಡಿದರು. ಮೋರ್ ಗಿಟಾರ್ ನುಡಿಸಿದರು. ಮರುವರ್ಷವೇ ಮೋರ್ ಬೇರೆಡೆಗೆ ಹೋದರು. ಹಾಡು ಊರೂರು ಸುತ್ತಿತು. ಅದನ್ನು ಬರೆದವರು ಯಾರೆಂಬುದು ಜನರಿಗೆ ಮರೆತುಹೋಯಿತು, ಜನಪದ ಗೀತೆಯೆಂದೇ ಹಲವರು ನಂಬಿದರು. ಮೋರ್ 1848ರಲ್ಲಿ ವಾಗ್ರೈನ್ ಎಂಬ ಊರಿನಲ್ಲಿ ಬಡತನದಲ್ಲೇ ತೀರಿಕೊಂಡರು. 1854ರಲ್ಲಿ ಬರ್ಲಿನ್ನಿನ ಅರಸೊತ್ತಿಗೆಯ ವಾದ್ಯವೃಂದದಿಂದ ಈ ಹಾಡಿನ ಮೂಲದ ಕುರಿತು ವಿಚಾರಣೆ ಬಂದಿತು. ಆ ವರ್ಷದ ಡಿಸೆಂಬರ್ 30ರಂದು ಗ್ರೂಬರ್ ಉತ್ತರ ಬರೆದಿಟ್ಟರು: ಪದ್ಯ ತಮ್ಮದಲ್ಲ, ಸಹಾಯಕ ಗುರು ಯೋಸೆಫ್ ಮೋರ್ ಅವರದು ಎಂದು. ಆರು ವರ್ಷಗಳ ಹಿಂದೆ ಸತ್ತಿದ್ದ ಗೆಳೆಯನ ಹೆಸರನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಇತ್ತ 1995ರಲ್ಲಿ ಮೋರ್ ಅವರ ಕೈಬರಹದ ಪ್ರತಿಯೊಂದು ಪತ್ತೆಯಾಯಿತು. ಅದರಲ್ಲಿ ಪದ್ಯ ತನ್ನದು, 1816ರದು ಎಂದು ಬರೆದುಕೊಂಡ ಮೋರ್, ರಾಗ ಗ್ರೂಬರರದು ಎಂದೂ ಗುರುತಿಸಿದ್ದಾರೆ.

ನಮ್ಮ ಅಡುಗೆ ಮನೆಯ ರಾತ್ರಿಗೆ ಇದೊಂದೂ ತಿಳಿದಿರಲಿಲ್ಲ. ನಾವು ಇಲಿಗಳನ್ನು ನಂಬಿ ಹಾಡಿದೆವು.

1994ರ ಫೆಬ್ರವರಿಯ ಒಂದು ಬೆಳಿಗ್ಗೆ ತತ್ವಮೀಮಾಂಸೆಯ ತರಗತಿ ಮುಗಿಸಿ ಬಂದಾಗ ಕುಂದಾಪುರದ ಗೆಳೆಯನ ಮಂಚದ ಮೇಲಿನ ಹಾಸಿಗೆ ಸುರುಳಿಯಾಗಿತ್ತು. ಗಿಟಾರ್ ಇರಲಿಲ್ಲ. ಆತ ಗುರುಮಠ ಬಿಟ್ಟು ಹೋಗಿದ್ದ. ಅಂದಿನ ದಿನಗಳಲ್ಲಿ ಬಿಡುವವರು ಹೀಗೆಯೇ, ಇತರರು ತರಗತಿಯಲ್ಲಿರುವಾಗ ಹೊರಡುತ್ತಿದ್ದರು. ಹೋದವರ ಮಾತನ್ನು ಯಾರೂ ಊಟದ ಮೇಜಿನಲ್ಲಿ ಎತ್ತುತ್ತಿರಲಿಲ್ಲ. ಹಾಗೆಂದು ನಿಯಮವೇನೂ ಇರಲಿಲ್ಲ. ಪತ್ರ ಬರೆಯಬೇಡಿರೆಂದು ನಮಗೆ ಯಾರೂ ಹೇಳಲಿಲ್ಲ. ಆತನ ಮನೆಯ ವಿಳಾಸ ನಮಗೆ ಬಾಯಿಪಾಠವಿತ್ತು. ಭಾನುವಾರಗಳು ಇದ್ದವು, ಇನ್‌ಲ್ಯಾಂಡ್ ಪತ್ರಗಳು ಇದ್ದವು. ನಾವು ಬರೆಯಲಿಲ್ಲ. ಮೊದಲ ತಿಂಗಳು ಆತನೇ ಬರೆಯಲಿ ಎಂದುಕೊಂಡೆವು, ಹೇಳದೆ ಹೋದವನಲ್ಲವೇ ಎಂಬ ಮುನಿಸು. ಆರು ತಿಂಗಳಾದ ಮೇಲೆ ಇಷ್ಟು ತಡವಾಗಿ ಏನೆಂದು ಬರೆಯುವುದೆಂಬ ಸಂಕೋಚ. ಗುರುದೀಕ್ಷೆಯಾದಾಗ ಆಮಂತ್ರಣ ಕಳುಹಿಸಿದರೆ ಆತನಿಗೆ ನೋವಾದೀತು ಎಂಬ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ. ಹೋಗುವಾಗ ಆತ ಮರೆತ ಅಚ್ಚು ಅಡುಗೆ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಕಳುಹಿಸಿಕೊಡಬೇಕೆಂದು ನಾವು ತೆಗೆದಿಟ್ಟುಕೊಂಡೆವು.

‘ನಾವು’ ಎಂದು ಬರೆಯುವುದು ಈ ಅಂಕಣದ ರೂಢಿ. ಅದರ ಮರೆಯಲ್ಲಿ ನಿಲ್ಲುವುದು ಬಹಳ ಅನುಕೂಲಕರವೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಪತ್ರ ಬರೆಯದ ‘ನಾವು’ ಮೂವರೆಂದು ಓದುಗರು ಭಾವಿಸಿರಬಹುದು. ಅಲ್ಲ. ಅದು ಈ ಲೇಖನ ಬರೆಯುತ್ತಿರುವವನೊಬ್ಬನೇ ಎಂಬುದು ನಮಗೂ ತಿಳಿದದ್ದು ಮೊನ್ನೆ.

ಸಂತ ಅಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದ ನಾಲ್ಕನೆಯ ಭಾಗದಲ್ಲಿ ತಾರುಣ್ಯದ ಗೆಳೆಯನೊಬ್ಬನ ಮರಣವನ್ನು ನೆನೆಯುತ್ತಾರೆ. ಇಬ್ಬರೂ ತಗಾಸ್ತೆ ಎಂಬ ಊರಿನವರು, ಸಮವಯಸ್ಕರು. ಜ್ವರದಲ್ಲಿ ಪ್ರಜ್ಞೆ ತಪ್ಪಿದ ಗೆಳೆಯನಿಗೆ ಸ್ನಾನದೀಕ್ಷೆ ನೀಡಲಾಗಿತ್ತು. ಆತ ಚೇತರಿಸಿಕೊಂಡಾಗ ಅಗಸ್ಟೀನರು ಅದನ್ನು ಹಾಸ್ಯ ಮಾಡಿದರು, ಗೆಳೆಯ ಸಿಡಿದೆದ್ದ. ಸಮಾಧಾನಕ್ಕೆ ಮುಂದೆ ಕಾಲವಿದೆಯೆಂದು ಇವರು ಸುಮ್ಮನಾದರು. ಕೆಲವೇ ದಿನಗಳಲ್ಲಿ, ಇವರು ಹತ್ತಿರವಿಲ್ಲದಾಗ, ಆತ ಸತ್ತ. ಊರಿನ ಯಾವ ಮೂಲೆಯನ್ನೂ ನೋಡಲಾರದೆ ಅಗಸ್ಟೀನರು ಕಾರ್ಥೇಜಿಗೆ ಹೊರಟುಹೋದರು. ಅಲ್ಲಿ ಹೊಸ ಗೆಳೆಯರು ಆ ನೋವನ್ನು ಮಾಯಿಸಿದ ಬಗೆಯನ್ನು ಹೇಳುವಾಗ ಅವರು ಕೊಡುವ ಪಟ್ಟಿಯಲ್ಲಿ ದೊಡ್ಡದೇನೂ ಇಲ್ಲ: ಕೂಡಿ ಹರಟುವುದು, ನಗುವುದು, ಒಟ್ಟಿಗೆ ಪುಸ್ತಕ ಓದುವುದು, ಬಾರದವರಿಗಾಗಿ ಕಾಯುವುದು. ತತ್ವಜ್ಞಾನಿಗಳಲ್ಲಿ ಇಷ್ಟು ಸಾದಾ ಪಟ್ಟಿ ನಮಗೆ ಬೇರೆಲ್ಲಿಯೂ ದೊರೆತಿಲ್ಲ. ಆದರೆ ಒಂದು ವಿಚಿತ್ರವುಂಟು. ಅಷ್ಟು ಪುಟಗಳಲ್ಲಿ ಎಲ್ಲಿಯೂ ಆ ಸತ್ತ ಗೆಳೆಯನ ಹೆಸರನ್ನು ಅವರು ಹೇಳುವುದಿಲ್ಲ. ವಿದ್ಯಾರ್ಥಿಗಳಾಗಿದ್ದಾಗ ಇದು ನಮ್ಮ ಗಮನಕ್ಕೆ ಬಂದಿರಲಿಲ್ಲ.

ಕುಸ್ವಾರಿನ ಆ ಶನಿವಾರದ ಬಳಿಕ ನಾವು ಚಿಕ್ಕಮಗಳೂರಿನ ಗೆಳೆಯರಿಗೆ ಫೋನ್ ಮಾಡಿದೆವು. ಅವರೂ ಈಗ ಧರ್ಮಕೇಂದ್ರವೊಂದರ ಗುರುಗಳು. ಕುಂದಾಪುರದವನ ಸುದ್ದಿ ಏನಾದರೂ ಗೊತ್ತೇ ಎಂದು ಕೇಳಿದೆವು.

"ಗೊತ್ತಿಲ್ಲದೆ ಏನು? ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಹಾಕುತ್ತೇನೆ. ಈಗ ವಾಟ್ಸ್ಆ್ಯಪಿನಲ್ಲಿ."

ಕಣ್ಣೂರಿನ ಗೆಳೆಯರೂ ಈಶಾನ್ಯ ರಾಜ್ಯಗಳ ಸೇವೆಯಿಂದ ರಜೆಗೆ ಬರುವಾಗ ಒಮ್ಮೆ ಅವರ ಮನೆಗೆ ಹೋಗಿದ್ದರಂತೆ. ನಮ್ಮೊಡನೆ ಯಾಕೆ ಹೇಳಲಿಲ್ಲ ಎಂದೆವು. "ನೀನು ಕೇಳಲಿಲ್ಲವಲ್ಲ" ಎಂದರು. ಮೂವತ್ತು ವರ್ಷ ಒಂದೇ ಸಭೆ ಸಮಾರಂಭಗಳಲ್ಲಿ ಭೇಟಿಯಾಗುತ್ತ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತ ಬಂದಿದ್ದೆವು.

ಕ್ರಿಸ್ಮಸ್ ಮರುದಿನ ಆ ಸಂಖ್ಯೆಗೆ ಕರೆ ಮಾಡಿದೆವು. ಹೆಸರು ಹೇಳಿದ ಮೇಲೆ ಅತ್ತ ಕಡೆಯಿಂದ "ಹೇಳಿ ಫಾದರ್" ಎಂಬ ಉತ್ತರ ಬಂತು. ಅಷ್ಟೊಂದು ಗೌರವವನ್ನು ನಾವು ನಿರೀಕ್ಷಿಸಿರಲಿಲ್ಲ. ಏನು ಹೇಳಬೇಕೆಂದು ತೋಚದೆ, ಸಂಯಮದ ಕುರಿತಾದ ಆ ಹಳೆಯ ಕ್ಯಾಸೆಟ್ಟಿನ ಅರ್ಧ ವಾಕ್ಯವನ್ನು ಪೂಜ್ಯರ ದನಿಯಲ್ಲೇ ಹೇಳಿದೆವು. ಒಂದು ಕ್ಷಣ ಮೌನ. ಆಮೇಲೆ, "ಮಾರಾಯ, ಅಚ್ಚಿಗೆ ತುಕ್ಕು ಹಿಡಿಸಲಿಲ್ಲವಷ್ಟೆ?" ಎಂದು ಕೊಂಕಣಿಯಲ್ಲಿ ಕೇಳಿದ.

ಮೂರು ಅರಸರ ಹಬ್ಬದ ಮರುದಿನ, 2025ರ ಜನವರಿ 6ರ ಸೋಮವಾರ, ಅಚ್ಚನ್ನು ಚೀಲದಲ್ಲಿಟ್ಟುಕೊಂಡು ಘಟ್ಟ ಹತ್ತಿದೆವು. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಅವರ ಊರು ಸೇರಿದೆವು. ತಲೆ ನಮ್ಮದರಂತೆಯೇ ನರೆತಿದೆ. ಅಲ್ಲಿನ ಪುಟ್ಟ ದೇವಾಲಯದ ಗಾಯನವೃಂದವನ್ನು ಇಪ್ಪತ್ತು ವರ್ಷಗಳಿಂದ ನಡೆಸುತ್ತಿದ್ದಾರೆ. ಹೆಸರನ್ನು ಪತ್ರಿಕೆಯಲ್ಲಿ ಹಾಕಬಹುದೇ ಎಂದಾಗ ಬೇಡವೆಂದರು. ಮಕ್ಕಳು ತರಗತಿಯಲ್ಲಿ ನಗುತ್ತಾರೆ ಎಂಬುದು ಅವರ ಕಾರಣ.

ಅವರ ಪತ್ನಿ ಹಬ್ಬದ ಹಿಟ್ಟನ್ನು ಮತ್ತೊಮ್ಮೆ ಕಲಸಿದರು. ಅದು ಹದಕ್ಕೆ ಬರುವವರೆಗೆ ಜಗಲಿಯಲ್ಲಿ ಕುಳಿತು ಮಾತನಾಡಿದೆವು. ಅಚ್ಚನ್ನು ತಾಯಿಯವರು 1994ರ ಡಿಸೆಂಬರಿನಲ್ಲಿ ಕೇಳಿದ್ದರಂತೆ. ಕಳೆದುಹೋಯಿತು ಎಂದು ಇವರು ಹೇಳಿದರಂತೆ. ಆ ವರ್ಷ ನೆರೆಮನೆಯಿಂದ ಎರವಲು ತಂದರು. ಮರುವರ್ಷದಿಂದ ಕೊಕ್ಕಿಸಾಂ ಮಾಡುವುದನ್ನೇ ಬಿಟ್ಟರು. 2009ರಲ್ಲಿ ಅವರು ತೀರಿಕೊಂಡರು. ನಾವು ಏನೋ ಹೇಳಲು ಹೊರಟೆವು. ಗೆಳೆಯರು ಕೈಯೆತ್ತಿ ತಡೆದರು.

"ಒಂದು ಮಾತು ನಾನೂ ಹೇಳಬೇಕು" ಎಂದರು. "ಬಿಟ್ಟು ಹೋಗುವುದೆಂದು ನಾನು ನಿರ್ಧರಿಸಿದ್ದು ಫೆಬ್ರವರಿಯಲ್ಲಲ್ಲ. ಅಡ್ವೆಂಟಿನಲ್ಲೇ. ಕುಸ್ವಾರಿನ ರಾತ್ರಿ ನಿಮ್ಮ ಮೂವರಿಗೂ ಹೇಳೋಣವೆಂದೇ ಬಂದಿದ್ದೆ. ಬಾಯಿ ತೆರೆದಾಗ ನೀವು ಹಾಡಲು ಶುರು ಮಾಡಿದಿರಿ. ಅಷ್ಟು ಚೆನ್ನಾಗಿ ನೀವೆಂದೂ ಹಾಡಿದ್ದಿಲ್ಲ. ಅದಕ್ಕೆ ಇಲಿಗಳ ಕಥೆ ಹೇಳಿದೆ."

ಒಳಗಿನಿಂದ ಎಣ್ಣೆ ಕಾಯಿತೆಂದು ಕರೆ ಬಂತು. ಅಚ್ಚು ನಮ್ಮ ಕೈಯಲ್ಲೇ ಇತ್ತು. ಅವರ ಮಗ, ಇಪ್ಪತ್ಮೂರರ ಹುಡುಗ, ಮೊಬೈಲನ್ನು ಒಂದು ಖಾಲಿ ಲೋಟದೊಳಗಿಟ್ಟು ದನಿ ದೊಡ್ಡದಾಗುವಂತೆ ಮಾಡಿ ಯಾವುದೋ ಹೊಸ ಹಾಡು ಹಚ್ಚಿದ್ದ. ನಮಗೆ ಪದಗಳು ತಿಳಿಯಲಿಲ್ಲ, ರಾಗ ಕೆಟ್ಟದಿರಲಿಲ್ಲ. ಮೊದಲ ಎರಡು ಹೂವುಗಳು ಅಚ್ಚಿಗೇ ಅಂಟಿಕೊಂಡು ಹರಿದುಹೋದವು. ಮೂರನೆಯದಕ್ಕೆ ನಾವು ಅಚ್ಚನ್ನು ಹಿಟ್ಟಿಗೆ ಇಳಿಸುತ್ತಿರುವಾಗ ಬೆನ್ನ ಹಿಂದಿನಿಂದ ದನಿ ಬಂತು: "ಮುಕ್ಕಾಲು ಮಾರಾಯ, ಮುಕ್ಕಾಲು ಮಾತ್ರ."